ಅರ್ಧಚ್ಛೇದದ ಲೆಕ್ಕ: ಉತ್ತಮಪಾಳಯದ ಬಂಡೆಯಿಂದ ಮೂಡುಬಿದಿರೆಯ ಓಲೆಯವರೆಗೆ

ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿರುವ ಉತ್ತಮಪಾಳಯದಲ್ಲಿ ಜನರು ಕರುಪ್ಪಣ್ಣಸ್ವಾಮಿಯ ಹೆಸರಿನಿಂದ ಕರೆಯುವ ಒಂದು ದೊಡ್ಡ ಬಂಡೆಯಿದೆ. ಅದರ ಮೈಮೇಲೆ ತೀರ್ಥಂಕರರ ಉಬ್ಬುಶಿಲ್ಪಗಳು ಸಾಲಾಗಿ ಕಂಡರಿಸಲ್ಪಟ್ಟಿವೆ. ಅವುಗಳ ಬಳಿಯಲ್ಲಿ ವಟ್ಟೆಳುತ್ತು ಲಿಪಿಯ ತಮಿಳು ಬರಹಗಳಿವೆ. ಪಾಂಡ್ಯರ ಆಳ್ವಿಕೆಯ 9–10ನೆಯ ಶತಮಾನಗಳಿಗೆ ಸೇರುವ ಈ ಬರಹಗಳಲ್ಲಿ ಶಿಲ್ಪಗಳನ್ನು ಮಾಡಿಸಿದ ಮುನಿಗಳ ಹೆಸರುಗಳು ಉಳಿದಿವೆ. ಅವುಗಳಲ್ಲಿ ಒಂದು ಅಜ್ಜನಂದಿ. ಕನ್ನಡದ ಕಿವಿಗೆ ಮನೆಯ ಹಿರಿಯನ ಹೆಸರಿನಂತೆ ಕೇಳಿಸುವ ಈ ಶಬ್ದ ‘ಆರ್ಯನಂದಿ’ ಎಂಬ ಸಂಸ್ಕೃತ ಹೆಸರಿನ ಪ್ರಾಕೃತ ರೂಪ. ತಮಿಳು ಲಿಪಿಯೊಂದರಲ್ಲಿ ಪ್ರಾಕೃತದ ಹೆಸರು ನಿಂತಿರುವ ಈ ಬಂಡೆಯ ಸುತ್ತಲಿನ ಕಣಿವೆಯಲ್ಲಿ ಇಂದು ಮನೆಯಲ್ಲಿ ಕನ್ನಡವಾಡುವ, ಶಾಲೆಯಲ್ಲಿ ತಮಿಳು ಓದುವ ಒಕ್ಕಲಿಗರೂ ಇತರ ಸಮುದಾಯಗಳವರೂ ಬಾಳುತ್ತಿದ್ದಾರೆ.

ಅಜ್ಜನಂದಿ ಎಂಬ ಹೆಸರು ಇನ್ನೂ ಎರಡು ಕಡೆ ಕಾಣಿಸುತ್ತದೆ. ವೆಲ್ಲೂರು ಸೀಮೆಯ ವಳ್ಳಿಮಲೆಯ ಬಂಡೆಗಳ ಮೇಲಿರುವ ಕನ್ನಡ ಶಾಸನಗಳಲ್ಲಿ, ಗಂಗ ಅರಸು ರಾಚಮಲ್ಲನು ಅಲ್ಲಿ ಬಸದಿ ಮಾಡಿಸಿದ ಸಂಗತಿಯೊಡನೆ, ಬಾಲಚಂದ್ರ ಭಟಾರರ ಶಿಷ್ಯನಾದ ಅಜ್ಜನಂದಿ ಭಟಾರನು ಪ್ರತಿಮೆ ಮಾಡಿಸಿದ ಉಲ್ಲೇಖವಿದೆ. ಎರಡನೆಯದು ಕಲ್ಲಿನಲ್ಲಿಲ್ಲ, ಗ್ರಂಥದಲ್ಲಿದೆ. ಷಟ್ಖಂಡಾಗಮಕ್ಕೆ ಧವಲಾ ಎಂಬ ಮಹಾಟೀಕೆಯನ್ನು ಬರೆದ ವೀರಸೇನನು ತನ್ನ ಗ್ರಂಥದ ಕೊನೆಯಲ್ಲಿ ತಾನು ಅಜ್ಜನಂದಿಯ ಶಿಷ್ಯ, ಚಂದ್ರಸೇನನ ಪ್ರಶಿಷ್ಯ, ಪಂಚಸ್ತೂಪಾನ್ವಯಕ್ಕೆ ಸೇರಿದವನು ಎಂದು ಹೇಳಿಕೊಂಡಿದ್ದಾನೆ. ವಳ್ಳಿಮಲೆಯವನ ಗುರು ಬಾಲಚಂದ್ರ, ವೀರಸೇನನ ಗುರುವಿನ ಗುರು ಚಂದ್ರಸೇನ. ವೀರಸೇನನು 9ನೆಯ ಶತಮಾನದ ಆರಂಭದಲ್ಲಿ ತನ್ನ ಗ್ರಂಥವನ್ನು ಮುಗಿಸಿದವನಾದ್ದರಿಂದ ಅವನ ಗುರು ಇನ್ನೂ ಒಂದು ತಲೆಮಾರು ಹಿಂದಿನವನು. ಆದುದರಿಂದ ಹೆಸರಿನ ಸಾಮ್ಯವನ್ನು ಹಿಡಿದು ಈ ಮುನಿಗಳನ್ನು ಒಬ್ಬನೇ ಎಂದು ಸಾಧಿಸುವುದು ಸಲ್ಲದು. ಹೆಸರು ತೋರಿಸುವುದು ಬೇರೊಂದನ್ನು: ತಮಿಳು, ಕನ್ನಡ, ಪ್ರಾಕೃತ ಎಂಬ ಮೂರು ಭಾಷೆಗಳ ನಡುವೆ ಗಡಿಯಿಲ್ಲದೆ ಸಂಚರಿಸುತ್ತಿದ್ದ ಒಂದು ವಿದ್ವತ್ಸಮುದಾಯವನ್ನು. ಆ ಸಮುದಾಯ ಕೈಯಿಂದ ಕೈಗೆ ದಾಟಿಸಿದ ವಿದ್ಯೆಗಳಲ್ಲಿ ಇಂದು ಲಾಗರಿದಮ್ ಎಂದು ಕರೆಯುವ ಗಣಿತವೂ ಒಂದಾಗಿತ್ತು.

ದ್ರಮಿಳದೇಶದ ಒಂದು ಆರಂಭ

ಷಟ್ಖಂಡಾಗಮದ ಹುಟ್ಟಿನ ಕಥೆಯನ್ನು ವೀರಸೇನನೇ ಧವಲೆಯಲ್ಲಿ ಹೇಳಿದ್ದಾನೆ. ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯನು ತನ್ನೊಡನೆಯೇ ಆಗಮಜ್ಞಾನವು ಅಳಿದುಹೋದೀತೆಂದು ಕಳವಳಗೊಂಡು ದಕ್ಷಿಣದ ಮುನಿಗಳಿಗೆ ಓಲೆ ಕಳುಹಿಸಿದನು. ಅಲ್ಲಿಂದ ಬಂದ ಪುಷ್ಪದಂತ, ಭೂತಬಲಿ ಎಂಬ ಇಬ್ಬರಿಗೆ ತನಗೆ ತಿಳಿದುದನ್ನು ಕಲಿಸಿದನು. ವಿದ್ಯೆ ಮುಗಿದ ಮೇಲೆ ಪುಷ್ಪದಂತನು ವನವಾಸಕ್ಕೆ, ಎಂದರೆ ಬನವಾಸಿ ನಾಡಿಗೆ ಹೋದನು. ಭೂತಬಲಿಯು ದ್ರಮಿಳದೇಶಕ್ಕೆ ಹೋದನು. ಪುಷ್ಪದಂತನು ಸತ್ಪ್ರರೂಪಣೆಯ 177 ಸೂತ್ರಗಳನ್ನು ರಚಿಸಿ, ಜಿನಪಾಲಿತನೆಂಬ ಶಿಷ್ಯನ ಕೈಯಲ್ಲಿ ಅವನ್ನು ಭೂತಬಲಿಗೆ ಕಳುಹಿಸಿದನು. ಗೆಳೆಯನ ಆಯುಷ್ಯ ಕಡಿಮೆಯಿದೆಯೆಂದರಿತ ಭೂತಬಲಿ ಮುಂದಿನ ಭಾಗವನ್ನು ತಾನೇ ರಚಿಸಿದನು.

ಭೂತಬಲಿ ಕೈಗೆತ್ತಿಕೊಂಡ ಮೊದಲ ವಿಷಯವೇ ದ್ರವ್ಯಪ್ರಮಾಣಾನುಗಮ, ಅಂದರೆ ಸಂಖ್ಯೆಯ ವಿಚಾರ. ಯಾವ ಯಾವ ಗುಣಸ್ಥಾನದಲ್ಲಿ, ಯಾವ ಯಾವ ಗತಿಯಲ್ಲಿ ಎಷ್ಟೆಷ್ಟು ಜೀವಗಳಿವೆ ಎಂಬುದು ಅಲ್ಲಿನ ಪ್ರಶ್ನೆ. ಪರಂಪರೆಯ ಮಾತನ್ನು ಒಪ್ಪುವುದಾದರೆ, ಗ್ರಂಥದ ಬಾಗಿಲು ಕನ್ನಡನಾಡಿನಲ್ಲಿ ತೆರೆಯಿತು, ಅದರ ಗಣಿತ ತಮಿಳುನಾಡಿನಲ್ಲಿ ಆರಂಭವಾಯಿತು.

ಸೂತ್ರಗಳು ಚಿಕ್ಕವು, ಅವು ಹೇಳುವ ಸಂಖ್ಯೆಗಳು ದೊಡ್ಡವು. ಮನುಷ್ಯರ ಸಂಖ್ಯೆಯನ್ನು ಹೇಳುವಲ್ಲಿ ಸೂತ್ರವು ಅದನ್ನು ಎರಡರ ಆರನೆಯ ವರ್ಗಕ್ಕಿಂತ ಮೇಲೆ, ಏಳನೆಯ ವರ್ಗಕ್ಕಿಂತ ಕೆಳಗೆ ಇರಿಸುತ್ತದೆ. ಎರಡರ ಮೊದಲನೆಯ ವರ್ಗ 4, ಎರಡನೆಯದು 16, ಮೂರನೆಯದು 256, ನಾಲ್ಕನೆಯದು 65,536, ಐದನೆಯದು 4,29,49,67,296. ಆರನೆಯ ವರ್ಗಕ್ಕೆ 20 ಅಂಕೆಗಳು ಬೇಕು, ಏಳನೆಯದಕ್ಕೆ 39. ಇಂತಹ ಎರಡು ಮೇರೆಗಳ ನಡುವೆ ಒಂದು ರಾಶಿಯನ್ನು ಇರಿಸಬೇಕಾದರೆ ಬರೆದು ಗುಣಿಸುವ ಸಾಮಾನ್ಯ ಮಾರ್ಗ ಸಾಲದು. ವೀರಸೇನನ ಟೀಕೆ ಆ ಕೊರತೆಯನ್ನು ತುಂಬುವ ಸಾಧನವನ್ನು ಒದಗಿಸುತ್ತದೆ.

ಕತ್ತರಿಸುವ ಲೆಕ್ಕ

ಧವಲೆಯ ಸಮಾಪ್ತಿಯ ಕಾಲವನ್ನು ಸಂಪಾದಕ ಹೀರಾಲಾಲ್ ಜೈನ್ ಅವರು ಶಕ 738, ಎಂದರೆ ಕ್ರಿ.ಶ. 816 ಎಂದು ನಿರ್ಣಯಿಸಿದ್ದಾರೆ. ರಾಷ್ಟ್ರಕೂಟರ ಕಾಲದ ಈ ಕೃತಿ 72,000 ಶ್ಲೋಕಗಳಷ್ಟು ವಿಸ್ತಾರವಾದುದು. ಇದರಲ್ಲಿ ವೀರಸೇನನು ಪದೇಪದೇ ಬಳಸುವ ಪರಿಭಾಷೆ ‘ಅರ್ಧಚ್ಛೇದ’. ಒಂದು ರಾಶಿಯನ್ನು ಒಂದು ಉಳಿಯುವವರೆಗೆ ಎಷ್ಟು ಸಲ ಅರ್ಧಿಸಬಹುದೋ ಅಷ್ಟು ಆ ರಾಶಿಯ ಅರ್ಧಚ್ಛೇದಗಳು. 256ನ್ನು ಅರ್ಧಿಸುತ್ತ ಹೋದರೆ 128, 64, 32, 16, 8, 4, 2, 1 ಎಂದು ಎಂಟು ಹೆಜ್ಜೆಗೆ ಒಂದಕ್ಕೆ ಬರುತ್ತದೆ. ಆದುದರಿಂದ ಅದರ ಅರ್ಧಚ್ಛೇದ 8. ಇಂದಿನ ಮಾತಿನಲ್ಲಿ ಇದು ಎರಡನ್ನು ಆಧಾರವಾಗಿಟ್ಟುಕೊಂಡ ಲಾಗರಿದಮ್. ಹೀಗೆಯೇ ಮೂರು ಮೂರಾಗಿ ಭಾಗಿಸುತ್ತ ಹೋಗುವುದು ತ್ರಿಕಚ್ಛೇದ, ನಾಲ್ಕು ನಾಲ್ಕಾಗಿ ಭಾಗಿಸುವುದು ಚತುರ್ಥಚ್ಛೇದ. ಅರ್ಧಚ್ಛೇದವನ್ನೇ ಮತ್ತೆ ಅರ್ಧಿಸುತ್ತ ಹೋದಾಗ ದೊರೆಯುವ ಎಣಿಕೆ ವರ್ಗಶಲಾಕೆ: 256ರ ಅರ್ಧಚ್ಛೇದ 8, 8ರ ಅರ್ಧಚ್ಛೇದ 3, ಆದುದರಿಂದ 256ರ ವರ್ಗಶಲಾಕೆ 3. 256 ಎರಡರ ಮೂರನೆಯ ವರ್ಗವೆಂಬುದನ್ನು ನೆನೆದರೆ ಹೆಸರಿನ ಔಚಿತ್ಯ ತಿಳಿಯುತ್ತದೆ. ವರ್ಗಶಲಾಕೆಯು ಎರಡರ ಎಷ್ಟನೆಯ ವರ್ಗವೆಂದು ಹೇಳುತ್ತದೆ.

ಇಷ್ಟು ಕೇವಲ ವ್ಯಾಖ್ಯೆ. ಗಣಿತ ಆರಂಭವಾಗುವುದು ಈ ಎಣಿಕೆಗಳ ನಡುವಣ ನಿಯಮಗಳಿಂದ. ಎರಡು ರಾಶಿಗಳ ಗುಣಲಬ್ಧದ ಅರ್ಧಚ್ಛೇದವು ಅವುಗಳ ಅರ್ಧಚ್ಛೇದಗಳ ಮೊತ್ತಕ್ಕೆ ಸಮ. ಭಾಗಲಬ್ಧದ ಅರ್ಧಚ್ಛೇದವು ಭಾಜ್ಯದ ಅರ್ಧಚ್ಛೇದದಿಂದ ಭಾಜಕದ ಅರ್ಧಚ್ಛೇದವನ್ನು ಕಳೆದುದಕ್ಕೆ ಸಮ. ಒಂದು ರಾಶಿಯನ್ನು ಅದರಷ್ಟೇ ಸಲ ಗುಣಿಸಿದಾಗ ಬರುವ ಫಲದ ಅರ್ಧಚ್ಛೇದವು ಆ ರಾಶಿಯನ್ನು ಅದರ ಅರ್ಧಚ್ಛೇದದಿಂದ ಗುಣಿಸಿದುದಕ್ಕೆ ಸಮ. ಅದೇ ಫಲದ ವರ್ಗಶಲಾಕೆಯು ಆ ರಾಶಿಯ ಅರ್ಧಚ್ಛೇದ ಮತ್ತು ವರ್ಗಶಲಾಕೆಗಳ ಮೊತ್ತಕ್ಕೆ ಸಮ. ಗುಣಾಕಾರ ಸಂಕಲನವಾಗುವುದು, ಭಾಗಾಕಾರ ವ್ಯವಕಲನವಾಗುವುದು, ಘಾತ ಗುಣಾಕಾರವಾಗುವುದು: ಕಾಲೇಜಿನ ವಿದ್ಯಾರ್ಥಿ ಲಾಗರಿದಮ್ಮಿನ ಗುಣಧರ್ಮಗಳೆಂದು ಕಲಿಯುವುದು ಇವನ್ನೇ.

ಮರಳುವ ದಾರಿಯೂ ಇತ್ತು. ಅದರ ಹೆಸರು ವಿರಲನ-ದೇಯ. ಅರ್ಧಚ್ಛೇದದ ಸಂಖ್ಯೆಯನ್ನು ಒಂದೊಂದಾಗಿ ಬಿಡಿಸಿ ಹರಡುವುದು ವಿರಲನ. ಪ್ರತಿಯೊಂದರ ಮೇಲೂ ಎರಡನ್ನು ಇಡುವುದು ದೇಯ. ಇಟ್ಟುವನ್ನೆಲ್ಲ ಪರಸ್ಪರ ಗುಣಿಸಿದರೆ ಮೂಲ ರಾಶಿ ಮರಳಿ ಬರುತ್ತದೆ. ಎಂಟು ಒಂದುಗಳನ್ನು ಹರಡಿ, ಒಂದೊಂದಕ್ಕೂ ಎರಡನ್ನು ಕೊಟ್ಟು ಗುಣಿಸಿದರೆ 256.

ಇವಿಷ್ಟು ಕೈಯಲ್ಲಿದ್ದರೆ ಅಜ್ಞಾತ ರಾಶಿಯನ್ನು ಹುಡುಕಬಹುದು. ಯಾವ ರಾಶಿಯನ್ನು 32ರಿಂದ ಗುಣಿಸಿದರೆ 4,096 ಬರುತ್ತದೆ? 4,096ರ ಅರ್ಧಚ್ಛೇದ 12, 32ರ ಅರ್ಧಚ್ಛೇದ 5. ಅಜ್ಞಾತದ ಅರ್ಧಚ್ಛೇದ 7. ಏಳು ಎರಡುಗಳನ್ನು ಗುಣಿಸಿದರೆ 128. ಇಷ್ಟು ಚಿಕ್ಕ ಲೆಕ್ಕಕ್ಕೆ ಈ ಮಾರ್ಗ ಬೇಕಿಲ್ಲವೆನಿಸಬಹುದು. ಮನುಷ್ಯರ ಸಂಖ್ಯೆಯ ವಿಚಾರಕ್ಕೆ ಬಂದಾಗ ಅದರ ಬಲ ಕಾಣಿಸುತ್ತದೆ. ಶ್ವೇತಾಂಬರರ ಅನುಯೋಗದ್ವಾರಸೂತ್ರ ಈ ಸಂಖ್ಯೆಯನ್ನು ಎರಡರ ಐದನೆಯ ಮತ್ತು ಆರನೆಯ ವರ್ಗಗಳ ಗುಣಲಬ್ಧವೆಂದೂ 96 ಸಲ ಅರ್ಧಿಸಬಹುದಾದ ರಾಶಿಯೆಂದೂ ಎರಡು ಬಗೆಯಲ್ಲಿ ಹೇಳುತ್ತದೆ. ಐದನೆಯ ವರ್ಗದ ಅರ್ಧಚ್ಛೇದ 32, ಆರನೆಯದರದು 64, ಕೂಡಿದರೆ 96. ಬಿಡಿಸಿ ಬರೆದರೆ ಆ ರಾಶಿ 79,22,81,62,51,42,64,33,75,93,54,39,50,336 ಎಂಬ 29 ಅಂಕೆಗಳ ಸಂಖ್ಯೆ. ಎರಡು ಹೇಳಿಕೆಗಳು ಒಂದೇ ಎಂಬುದನ್ನು ತಿಳಿಯಲು ಈ ಅಂಕೆಗಳಲ್ಲಿ ಒಂದನ್ನೂ ಬರೆಯಬೇಕಾಗಿಲ್ಲ.

ಇದಕ್ಕೂ ಮುಂದಿನ ಮೆಟ್ಟಿಲು ವರ್ಗಿತ-ಸಂವರ್ಗಿತ. ರಾಶಿಯೊಂದನ್ನು ಅದರಷ್ಟೇ ಘಾತಕ್ಕೆ ಏರಿಸುವುದು ಮೊದಲನೆಯ ವರ್ಗಿತ-ಸಂವರ್ಗಿತ. ಬಂದುದನ್ನು ಮತ್ತೆ ಹಾಗೆಯೇ ಏರಿಸುವುದು ಎರಡನೆಯದು. ಮತ್ತೊಮ್ಮೆ ಏರಿಸುವುದು ಮೂರನೆಯದು. ಎರಡರಿಂದ ಹೊರಟರೆ ಮೊದಲು 4, ಆಮೇಲೆ 256, ಮೂರನೆಯ ಸಲ 256ರ 256ನೆಯ ಘಾತ. ಇದನ್ನು ಬರೆಯಲು 617 ಅಂಕೆಗಳು ಬೇಕು. ನಿಯಮದ ಪ್ರಕಾರ ಇದರ ಅರ್ಧಚ್ಛೇದ 256ನ್ನು 8ರಿಂದ ಗುಣಿಸಿದಷ್ಟು, ಎಂದರೆ 2,048. ವರ್ಗಶಲಾಕೆ 8 ಮತ್ತು 3ರ ಮೊತ್ತ, ಎಂದರೆ 11. ಓಲೆಯ ಮೇಲೆ ಹಿಡಿಸದ ರಾಶಿ ಹನ್ನೊಂದು ಎಂಬ ಒಂದು ಮಾತಿನಲ್ಲಿ ಅಡಗಿತು. ಅದು ಎರಡರ ಹನ್ನೊಂದನೆಯ ವರ್ಗವೆಂದು ಸ್ಥಳ ನಿರ್ದೇಶವೂ ಆಯಿತು. ಅಸಂಖ್ಯಾತ, ಅನಂತಗಳ ಪ್ರಭೇದಗಳನ್ನು ಒಂದರೊಡನೊಂದು ಹೋಲಿಸುವಾಗ ವೀರಸೇನನು ಬಳಸುವ ಮಾರ್ಗವೂ ಇದೇ. ಗುಣಿಸಲಾಗದುದನ್ನು ಅವನು ಎಣಿಸಿ ಹೋಲಿಸುತ್ತಾನೆ.

ನೇಪಿಯರನ ಮಾತು

ಸ್ಕಾಟ್ಲೆಂಡಿನ ಜಾನ್ ನೇಪಿಯರ್ ತನ್ನ ಲಾಗರಿದಮ್ ಕೋಷ್ಟಕಗಳನ್ನು ಎಡಿನ್‌ಬರೋದಲ್ಲಿ ಪ್ರಕಟಿಸಿದ್ದು 1614ರಲ್ಲಿ, ಧವಲೆಯಾದ ಸುಮಾರು ಎಂಟು ಶತಮಾನಗಳ ಅನಂತರ. ಈ ಕಾಲಾಂತರವನ್ನು ಹಿಡಿದು ಲಾಗರಿದಮ್ಮನ್ನು ಕಂಡುಹಿಡಿದವನು ವೀರಸೇನನೆಂದು ಸಾರುವ ಬರಹಗಳು ಸಾಕಷ್ಟಿವೆ. ಆದರೆ ಎರಡರ ಉದ್ದೇಶ ಬೇರೆ, ವ್ಯಾಪ್ತಿ ಬೇರೆ. 100ನ್ನು ಅರ್ಧಿಸುತ್ತ ಹೋದರೆ 50, 25 ಎಂದು ಬಂದು ಲೆಕ್ಕ ನಿಲ್ಲುತ್ತದೆ. ಎರಡರ ಘಾತವಲ್ಲದ ರಾಶಿಗೆ ಪೂರ್ಣಾಂಕದ ಅರ್ಧಚ್ಛೇದವಿಲ್ಲ. ನೇಪಿಯರನ ಸಾಧನೆ ಇರುವುದೇ ಎಲ್ಲ ರಾಶಿಗಳಿಗೂ ಸಲ್ಲುವಂತೆ, ಭಿನ್ನರಾಶಿಗಳ ಸೂಕ್ಷ್ಮದವರೆಗೆ, ಎಡೆಬಿಡದ ಒಂದು ಮಾಪನವನ್ನು ರಚಿಸಿ ಅದನ್ನು ಕೋಷ್ಟಕಕ್ಕೆ ಇಳಿಸಿದುದರಲ್ಲಿ. ಖಗೋಳಶಾಸ್ತ್ರಜ್ಞನ, ನಾವಿಕನ ಗುಣಾಕಾರದ ಶ್ರಮ ತಗ್ಗಬೇಕೆಂಬುದು ಅವನ ಗುರಿ. ಹೆನ್ರಿ ಬ್ರಿಗ್ಸ್ ಅದನ್ನು ಹತ್ತರ ಆಧಾರಕ್ಕೆ ತಂದು 1624ರಲ್ಲಿ ದೊಡ್ಡ ಕೋಷ್ಟಕಗಳನ್ನು ಹೊರತಂದನು.

ವೀರಸೇನನಿಗೆ ಅಂತಹ ಕೋಷ್ಟಕ ಬೇಕಿರಲಿಲ್ಲ. ಲೋಕದಲ್ಲಿರುವ ಜೀವರಾಶಿ ಎಷ್ಟೇ ದೊಡ್ಡದಾದರೂ ಬುದ್ಧಿಗೆ ಎಟುಕುವ ಕ್ರಮವೊಂದರಲ್ಲಿ ನಿಲ್ಲಬೇಕು ಎಂಬುದು ಅವನ ಬಯಕೆ. ಆದುದರಿಂದ ಇವರಲ್ಲಿ ಮೊದಲಿಗನಾರು ಎಂಬ ಪ್ರಶ್ನೆಗಿಂತ, ಒಂದೇ ನಿಯಮವು ಎರಡು ಬೇರೆ ಅಗತ್ಯಗಳಿಂದ ಹೇಗೆ ಕಂಡಿತು ಎಂಬ ಪ್ರಶ್ನೆ ಹೆಚ್ಚು ಫಲದಾಯಕ. ಹೆಸರುಗಳೂ ಇದನ್ನೇ ಹೇಳುತ್ತವೆ. ನೇಪಿಯರನ ಶಬ್ದ ಗ್ರೀಕಿನ ‘ಲೋಗೋಸ್’, ‘ಅರಿಥ್ಮೋಸ್’ಗಳಿಂದ ಆದುದು, ಅನುಪಾತದ ಸಂಖ್ಯೆ ಎಂಬರ್ಥದ್ದು. ವೀರಸೇನನ ಶಬ್ದದಲ್ಲಿರುವುದು ಕತ್ತರಿಸುವ ಕ್ರಿಯೆ. ಉತ್ತಮಪಾಳಯದ ತಮಿಳು ಮಾಧ್ಯಮದ ಶಾಲೆಗಳಲ್ಲಿ ಲಾಗರಿದಮ್ಮಿಗೆ ‘ಮಡಕ್ಕೈ’ ಎನ್ನುತ್ತಾರೆ. ಅದರಲ್ಲಿರುವುದು ಮಡಿಸುವ ಕ್ರಿಯೆ. ಮನೆಯಲ್ಲಿ ಕನ್ನಡವಾಡುವ ಮಗುವಿಗೆ ಮಡಚುವುದೂ ಗೊತ್ತು, ಇಮ್ಮಡಿ ಮುಮ್ಮಡಿಗಳೂ ಗೊತ್ತು. ಎರಡು ಮಡಿಯಾಗಿ ಬೆಳೆದುದನ್ನು ಎಷ್ಟು ಸಲ ಅರ್ಧಿಸಿದರೆ ಒಂದಾಗುತ್ತದೆ ಎಂಬುದೇ ಅರ್ಧಚ್ಛೇದವಾದುದರಿಂದ, ಶಾಲೆಯ ತಮಿಳು ಶಬ್ದವೂ ಮನೆಯ ಕನ್ನಡ ಶಬ್ದವೂ ವೀರಸೇನನ ಪರಿಭಾಷೆಯ ಹತ್ತಿರದಲ್ಲೇ ಇವೆ.

ಓಲೆ ಉಳಿದು ಓದು ನಿಂತಾಗ

ಧವಲೆಯ ಗಣಿತ ಒಡನೆಯೇ ಮರೆವಿಗೆ ಸರಿಯಲಿಲ್ಲ. 10ನೆಯ ಶತಮಾನದಲ್ಲಿ ಚಾವುಂಡರಾಯನ ಕಾಲದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿ ಅದರ ಸಾರವನ್ನು ಗೊಮ್ಮಟಸಾರದಲ್ಲಿ ಸಂಗ್ರಹಿಸಿದನು; ತ್ರಿಲೋಕಸಾರದಲ್ಲಿ ಅರ್ಧಚ್ಛೇದದ ನಿಯಮಗಳನ್ನು ಗಾಹೆಗಳಲ್ಲಿ ಅಡಕಗೊಳಿಸಿದನು. 1359ರಲ್ಲಿ ಕೇಶವವರ್ಣಿ ಗೊಮ್ಮಟಸಾರಕ್ಕೆ ಕನ್ನಡದಲ್ಲಿ ವೃತ್ತಿ ಬರೆದನು. ಮುಂದೆ ಸಂಸ್ಕೃತದ ಟೀಕೆ ಅದನ್ನು ಅನುಸರಿಸಿತು. 18ನೆಯ ಶತಮಾನದಲ್ಲಿ ಜಯಪುರದ ತೋಡರಮಲ್ಲ ಆ ಸಂಸ್ಕೃತವನ್ನು ಆಧರಿಸಿ ಹಿಂದಿಯಲ್ಲಿ ವಿವರಿಸಿದನು. ಉತ್ತರದ ಓದುಗರಿಗೆ ಈ ಶಾಸ್ತ್ರ ತಲುಪಿದ ದಾರಿಯಲ್ಲಿ ಕನ್ನಡದ ಒಂದು ವೃತ್ತಿ ನಡುವಣ ಸೇತುವೆಯಾಗಿ ನಿಂತಿತ್ತೆಂಬುದು ಕನ್ನಡ ಸಾಹಿತ್ಯಚರಿತ್ರೆಗಳಲ್ಲಿ ಅಷ್ಟಾಗಿ ಎದ್ದುಕಾಣದ ಸಂಗತಿ.

ಸಾರಗ್ರಂಥಗಳು ಪ್ರಚಾರವಾದಂತೆ ಮೂಲಗ್ರಂಥದ ಓದು ಕಡಿಮೆಯಾಯಿತು. ಧವಲೆಯ ಪ್ರಾಚೀನ ತಾಳೆಗರಿ ಪ್ರತಿಗಳು ಉಳಿದುದು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಮಾತ್ರ. ಹೊಯ್ಸಳರ ಕಾಲದ ಈ ಓಲೆಗಳ ಲಿಪಿ ಹಳಗನ್ನಡ. ಭಾಷೆ ಪ್ರಾಕೃತ ಮತ್ತು ಸಂಸ್ಕೃತಗಳ ಬೆರಕೆ. ಶತಮಾನಗಳ ಕಾಲ ಯಾತ್ರಿಕರು ಅಲ್ಲಿಗೆ ಬಂದು ‘ಸಿದ್ಧಾಂತದರ್ಶನ’ ಮಾಡಿ ಕೈಮುಗಿದು ಹೋಗುತ್ತಿದ್ದರು. ಗ್ರಂಥ ದೇವರಾಗಿತ್ತು. ಅದನ್ನು ಬಿಚ್ಚಿ ಓದುವುದು, ನಕಲು ಮಾಡಿಸಿ ಹೊರಗೆ ಕಳುಹಿಸುವುದು ಅಪಚಾರವೆಂಬ ಭಾವನೆ ಬಲವಾಗಿತ್ತು.

19ನೆಯ ಶತಮಾನದ ಕೊನೆಯ ದಶಕದಲ್ಲಿ ಮುಂಬಯಿಯ ಮಾಣಿಕಚಂದ್, ಸೊಲ್ಲಾಪುರದ ಹೀರಾಚಂದ್ ನೇಮಚಂದ್ ಮೊದಲಾದವರ ಪ್ರಯತ್ನದಿಂದ ನಕಲಿನ ಕೆಲಸ ಆರಂಭವಾಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿ ಮತ್ತು ಮಿರಜಿನ ಗಜಪತಿ ಉಪಾಧ್ಯಾಯ ಇದಕ್ಕೆ ತೊಡಗಿದರು. ಪ್ರತಿ ಮೂಡುಬಿದಿರೆಯ ಹೊರಗೆ ಹೋಗಬಾರದೆಂಬ ಕಟ್ಟಳೆಯಿದ್ದಾಗಲೇ ಗಜಪತಿ ಉಪಾಧ್ಯಾಯರು ತಮ್ಮ ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿಯನ್ನು ಸಿದ್ಧಪಡಿಸಿಕೊಂಡರು. ಆ ಪ್ರತಿ ಸಹಾರನಪುರ ಸೇರಿತು. ಅಲ್ಲಿಂದ ನಾಗರಿ ಪ್ರತಿಗಳು ಹಲವು ಊರುಗಳಿಗೆ ಹಬ್ಬಿದವು. 1939ರಲ್ಲಿ ಅಮರಾವತಿಯಿಂದ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಧವಲೆಯ ಮೊದಲ ಸಂಪುಟ ಅಚ್ಚಾಯಿತು. ಕ್ರಮೇಣ 16 ಸಂಪುಟಗಳು ಹೊರಬಂದವು. ಮುಂದೆ ಮೂಡುಬಿದಿರೆಯವರೂ ಪಾಠಗಳನ್ನು ಮೂಲದೊಡನೆ ಹೋಲಿಸಿ ನೋಡಲು ನೆರವಾದರು. 1942ರ ನಾಲ್ಕನೆಯ ಸಂಪುಟಕ್ಕೆ ಲಖನೌ ವಿಶ್ವವಿದ್ಯಾನಿಲಯದ ಗಣಿತಜ್ಞ ಅವಧೇಶ ನಾರಾಯಣ ಸಿಂಗ್ ಅವರು ಧವಲೆಯ ಗಣಿತವನ್ನು ಕುರಿತು ಪ್ರಬಂಧ ಬರೆದು, ಅರ್ಧಚ್ಛೇದದ ನಿಯಮಗಳನ್ನು ಆಧುನಿಕ ಸಂಕೇತಗಳಲ್ಲಿ ಬಿಡಿಸಿ ತೋರಿಸಿದರು. ವಿಭೂತಿಭೂಷಣ ದತ್ತರೊಡನೆ ಹಿಂದೂ ಗಣಿತದ ಇತಿಹಾಸವನ್ನು ಅವರು ಬರೆದದ್ದು ಇದಕ್ಕೆ ಕೆಲವೇ ವರ್ಷಗಳ ಹಿಂದೆ. ಆ ಸಂಪುಟಗಳು 1935 ಮತ್ತು 1938ರಲ್ಲಿ ಹೊರಬಂದಿದ್ದವು. ಭಾರತೀಯ ಗಣಿತವನ್ನು ಅಷ್ಟು ಆಳವಾಗಿ ಬಲ್ಲ ವಿದ್ವಾಂಸರಿಗೂ ಈ ಅಧ್ಯಾಯ ತೆರೆದುಕೊಳ್ಳಲು ಧವಲೆ ಅಚ್ಚಾಗಬೇಕಾಯಿತು.

ಈ ಚರಿತ್ರೆಯಲ್ಲಿ ಕನ್ನಡದ ಪಾಲು ಎಂಥದು? ಗ್ರಂಥದ ಭಾಷೆ ಕನ್ನಡವಲ್ಲ. ಆದರೆ ಕನ್ನಡ ಅಕ್ಷರ ಬಲ್ಲ ಲಿಪಿಕಾರರು ಇರದಿದ್ದರೆ ಗ್ರಂಥವೇ ಇರುತ್ತಿರಲಿಲ್ಲ. ಲಿಪಿಕಾರನು ತನ್ನದಲ್ಲದ ಭಾಷೆಯ ಮಾತನ್ನು ತನ್ನ ಅಕ್ಷರದಲ್ಲಿ ಕಾಪಾಡಿದನು. ಅರ್ಥ ಬಲ್ಲವರು ಇಲ್ಲದಾದ ಮೇಲೂ ಅಕ್ಷರ ಉಳಿದುದರಿಂದ ಅರ್ಥವನ್ನು ಮತ್ತೆ ಗಳಿಸಲು ಸಾಧ್ಯವಾಯಿತು. ಇದು ಲಿಪಿಯ ದೊಡ್ಡ ಉಪಕಾರ. ಆದರೆ ಕಾಪಾಡಿದ ಮಾತ್ರಕ್ಕೆ ವಿದ್ಯೆ ಬದುಕಿತೆಂದು ಹೇಳಲಾಗದು. ಸಿದ್ಧಾಂತದರ್ಶನಕ್ಕೆ ಬಂದವರ ಕಣ್ಣೆದುರಿಗಿದ್ದ ಓಲೆಯಲ್ಲೇ ಗುಣಾಕಾರವನ್ನು ಸಂಕಲನವಾಗಿಸುವ ನಿಯಮವಿತ್ತು, ಅದನ್ನು ಕೇಳುವವರಿರಲಿಲ್ಲ.

ಕಂಬಂ ಕಣಿವೆಯ ಕನ್ನಡದ ಪರಿಸ್ಥಿತಿ ಇದಕ್ಕೆ ತಿರುಗುಮುರುಗು. ಅಲ್ಲಿ ಮಾತು ಬದುಕಿದೆ, ಅದಕ್ಕೆ ಅಕ್ಷರವಿಲ್ಲ. ಮನೆಯ ಕನ್ನಡವನ್ನು ಬರೆಯಬೇಕಾದರೆ ತಮಿಳು ಲಿಪಿಯನ್ನೇ ಆಶ್ರಯಿಸಬೇಕಾದ ಕುಟುಂಬಗಳಲ್ಲಿ ಭಾಷೆ ಕಿವಿಯಿಂದ ಕಿವಿಗೆ ಮಾತ್ರ ದಾಟುತ್ತದೆ. ಓಲೆಗೆ ಓದುಗನಿಲ್ಲದೆ ಹೋದರೆ ಅದು ನೂರಾರು ವರ್ಷ ಕಾಯಬಲ್ಲದು. ಆಡುವವನಿಲ್ಲದ ಮಾತು ಒಂದು ತಲೆಮಾರನ್ನೂ ಕಾಯದು. ಅಲ್ಪಸಂಖ್ಯಾತ ಭಾಷೆಗಳ ಅಧ್ಯಯನ ಮಾಡುವವರಿಗೆ ಧವಲೆಯ ಚರಿತ್ರೆ ಕಲಿಸುವ ಪಾಠ ಇದರಲ್ಲಿದೆ. ಬೇರೆ ಲಿಪಿಯಲ್ಲಿ ಬರೆದರೆ ಭಾಷೆ ಕೆಡುತ್ತದೆಂಬ ಅಂಜಿಕೆಗೆ ಆಧಾರವಿಲ್ಲ. ಪ್ರಾಕೃತವು ಕನ್ನಡ ಅಕ್ಷರಗಳಲ್ಲಿ ಶತಮಾನಗಳ ಕಾಲ ಸುರಕ್ಷಿತವಾಗಿತ್ತು, ಅಜ್ಜನಂದಿಯ ಹೆಸರು ವಟ್ಟೆಳುತ್ತಿನಲ್ಲಿ ಇಂದಿಗೂ ಓದಲು ಸಿಗುತ್ತದೆ. ಕಣಿವೆಯ ಕನ್ನಡದ ಎಣಿಕೆಯ ಮಾತು, ಅಳತೆಯ ಮಾತು, ಮಡಿಯ ಮಾತುಗಳನ್ನು ಸಿಕ್ಕ ಲಿಪಿಯಲ್ಲಿ, ಅದು ತಮಿಳೇ ಆಗಿರಲಿ, ಆಡುವವರು ಇರುವಾಗಲೇ ಬರೆದಿಡುವುದು ಮೊದಲ ಕೆಲಸ. ಕೇಶವವರ್ಣಿಯ ಕನ್ನಡ ವೃತ್ತಿಯನ್ನು ಗಣಿತ ಬಲ್ಲವರೂ ಹಳಗನ್ನಡ ಬಲ್ಲವರೂ ಒಟ್ಟಿಗೆ ಕುಳಿತು ಓದುವುದು ಎರಡನೆಯದು. ಮೊದಲನೆಯದಕ್ಕೆ ಕಾಲಾವಕಾಶ ಕಡಿಮೆ.